ಭಯದ ಕಲಿಕೆ: ಪತ್ತೇದಾರಿ ಕಥನ ಮತ್ತು ನಮ್ಮ ಹಳೆಯ ಕಥೆಗಾರರು

1

ಪತ್ತೇದಾರಿ ಕಥೆ, ಉತ್ಕಂಠೆಯ ಕಥೆ, ಭಯಾನಕ ಕಥೆ ಇವುಗಳನ್ನು ಬರೆಯುವ ವಿದ್ಯೆಯನ್ನು ಕಲಿಯಲು ಅಥವಾ ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಎತ್ತಿಕೊಂಡದ್ದು ತೀರ ಕಡಿಮೆ. ಕಾದಂಬರಿಯ ಚರಿತ್ರೆಯನ್ನು ಪಾಠ ಹೇಳುವಾಗ ನಾವು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯಿಂದ (1899) ಹೊರಟು, ಎಂ. ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ'ವನ್ನು (1915) ಮುಟ್ಟಿ, ನವೋದಯ, ಪ್ರಗತಿಶೀಲ, ನವ್ಯ ಎಂಬ ನಿಲ್ದಾಣಗಳನ್ನು ಹಾದು ಬರುತ್ತೇವೆ. ಈ ದಾರಿಯಲ್ಲಿ ಪತ್ತೇದಾರಿ ಕಾದಂಬರಿಗೆ ಸಿಗುವುದು ಒಂದು ವಾಕ್ಯ. ಅದೂ ಸಾಮಾನ್ಯವಾಗಿ ಕ್ಷಮೆ ಕೇಳುವ ಧ್ವನಿಯಲ್ಲಿ. ಅದು 'ಜನಪ್ರಿಯ'ವೆಂಬ ಕಾರಣಕ್ಕೆ ಚರ್ಚೆಯಿಂದ ಹೊರಗುಳಿದಿದೆ. ಹೊರಗುಳಿದದ್ದರಿಂದ ಅದರ ಶಿಲ್ಪದ ಪ್ರಶ್ನೆಗಳೂ ಹೊರಗೇ ಉಳಿದಿವೆ.

ಈ ಪ್ರಶ್ನೆ ನಮ್ಮೆದುರಿಗೆ ಬಂದದ್ದು ಶಾಸ್ತ್ರದ ಮೂಲಕವಲ್ಲ. ಕಳೆದ ವರ್ಷ ನಮ್ಮ ಪೀಠದ ಸಂಶೋಧನ ವಿದ್ಯಾರ್ಥಿಯೊಬ್ಬರು ತಾವು ಬರೆದ ಕಥೆಯೊಂದನ್ನು ತಂದುಕೊಟ್ಟರು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರು ಅವರು. ಅಲ್ಲಿನ ಹಳೆಯ ಚಾಳೊಂದರಲ್ಲಿ ನಡೆಯುವ ಕೊಲೆ ಕಥೆಯ ವಸ್ತು. ಹನ್ನೆರಡು ಪುಟಗಳ ಕಥೆಯಲ್ಲಿ ಹನ್ನೊಂದೂವರೆ ಪುಟಗಳವರೆಗೆ ಕೊಲೆಗಾರನನ್ನು ಮುಚ್ಚಿಡಲಾಗಿತ್ತು. ನಡುನಡುವೆ ರಾತ್ರಿಯ ಕಾವಲುಗಾರನೊಬ್ಬ ಟಾರ್ಚು ಹಿಡಿದು ಸುಳಿಯುತ್ತಿದ್ದ. ಅವನ ಮುಖದ ಅರ್ಧಭಾಗ ಸುಟ್ಟಿತ್ತು. ಕಡೆಯಲ್ಲಿ ಕೊಲೆಗಾರ ಸತ್ತವಳ ಭಾವನೆಂದು ತಿಳಿಯುತ್ತದೆ. "ಸರ್, ಇದರಲ್ಲಿ ಎಲ್ಲವೂ ಇದೆ, ಭಯ ಮಾತ್ರ ಹುಟ್ಟುತ್ತಿಲ್ಲ. ಏಕೆ?" ಎಂದು ಅವರು ಕೇಳಿದರು. ಅವರ ಮಾತು ನಿಜವಾಗಿತ್ತು. ಕಥೆಯನ್ನು ಓದಿ ನಾವು ಬೆರಗಾದೆವು, ಒಂದು ಕ್ಷಣ. ಹೆದರಲಿಲ್ಲ.

ನಮ್ಮ ವ್ಯಾಸಂಗವೆಲ್ಲ ಕಳೆದದ್ದು ಮಧ್ಯಕಾಲೀನ ಕಾವ್ಯಗಳ ನಡುವೆ. ಆದ್ದರಿಂದ ಉತ್ತರವನ್ನು ಹುಡುಕಲು ನಾವು ಹೋದದ್ದೂ ಅಲ್ಲಿಗೇ. ಹಾಗೆ ಹೋದಾಗ ಕಂಡದ್ದನ್ನು ಇಲ್ಲಿ ನಿರೂಪಿಸುತ್ತಿದ್ದೇವೆ. ಭಯದ ಕಥನವನ್ನು ಕಲಿಯುವವನು ಮೊದಲು ಕಲಿಯಬೇಕಾದದ್ದು ಮುಚ್ಚಿಡುವುದನ್ನಲ್ಲ, ತಿಳಿಸುವುದನ್ನು; ಯಾರಿಗೆ, ಯಾವಾಗ, ಎಷ್ಟು ತಿಳಿಸಬೇಕು ಎಂಬುದನ್ನು. ಈ ವಿದ್ಯೆ ನಮ್ಮ ಹಳೆಯ ಕಥೆಗಾರರಿಗೆ ಚೆನ್ನಾಗಿ ಗೊತ್ತಿತ್ತು. ಆಧುನಿಕ ಪತ್ತೇದಾರಿ ಬರಹ ಇದರ ಅರ್ಧವನ್ನು ಮಾತ್ರ ಕಲಿತಿತೆಂಬುದು ನಮ್ಮ ವಾದ.

2

ಆ ಅರ್ಧ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡಬೇಕು. ಎಡ್ಗರ್ ಅಲನ್ ಪೋ 1841ರಲ್ಲಿ ಪ್ಯಾರಿಸ್ಸಿನ ರೂ ಮಾರ್ಗ್ ಎಂಬ ಬೀದಿಯ ಕೊಲೆಗಳ ಕಥೆಯನ್ನು ಪ್ರಕಟಿಸಿದಾಗ ಪತ್ತೇದಾರಿ ಕಥೆಗೊಂದು ಅಚ್ಚು ಸಿದ್ಧವಾಯಿತು: ನಡೆದುಹೋದ ಅಪರಾಧ, ಅದನ್ನು ಹಿಮ್ಮುಖವಾಗಿ ಓದುವ ಬುದ್ಧಿವಂತ, ಅವನನ್ನು ಕಂಡು ಬೆರಗಾಗುವ ಗೆಳೆಯ. ಮುಂದೆ ಇಂಗ್ಲೆಂಡಿನಲ್ಲಿ ಇದು ಒಂದು ಆಟವಾಗಿ ಬೆಳೆಯಿತು. ಸ್ವತಃ ಪಾದ್ರಿಯೂ ಪತ್ತೇದಾರಿ ಕಾದಂಬರಿಕಾರನೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಆ ಆಟಕ್ಕೆ ಹತ್ತು ಕಟ್ಟಳೆಗಳನ್ನು ಬರೆದಿಟ್ಟ. ಅಪರಾಧಿ ಕಥೆಯ ಆರಂಭದಲ್ಲಿಯೇ ಕಾಣಿಸಿಕೊಳ್ಳಬೇಕು, ಪತ್ತೇದಾರನೇ ಅಪರಾಧಿಯಾಗಬಾರದು, ಸಿಕ್ಕ ಸುಳಿವುಗಳನ್ನು ಓದುಗನಿಂದ ಮರೆಮಾಚಬಾರದು ಎಂಬಂತಹವು ಅವು. ಪಾದ್ರಿ ಬರೆದದ್ದರಿಂದಲೋ ಏನೋ, ಅವುಗಳಿಗೆ ಧರ್ಮಶಾಸ್ತ್ರದ ಠೀವಿಯಿದೆ. ಆದರೆ ಈ ಹತ್ತರಲ್ಲಿ ಒಂದೂ ಭಯವನ್ನು ಕುರಿತದ್ದಲ್ಲ. ಎಲ್ಲವೂ ಒಗಟಿನ ನ್ಯಾಯವನ್ನು ಕುರಿತವು.

ಭಾರತೀಯ ಭಾಷೆಗಳಿಗೆ ಈ ಅಚ್ಚು ಬಂದ ಬಗೆಗಳು ಬೇರೆ ಬೇರೆ. ಬಂಗಾಳದ ಪ್ರಿಯನಾಥ ಮುಖೋಪಾಧ್ಯಾಯರು ಕಲ್ಕತ್ತೆಯ ಪೊಲೀಸು ಇಲಾಖೆಯಲ್ಲಿ ಪತ್ತೇದಾರಿ ಕೆಲಸ ಮಾಡಿದವರು. 1892ರಿಂದ ಅವರು ಪ್ರಕಟಿಸಿದ 'ದಾರೋಗಾರ್ ದಫ್ತರ್' ಮಾಲೆ ಠಾಣೆಯ ಕಡತದಿಂದಲೇ ಎದ್ದು ಬಂದದ್ದು. ಹಿಂದಿಯಲ್ಲಿ ಗೋಪಾಲರಾಮ ಗಹಮರಿಯವರು 1900ರಲ್ಲಿ 'ಜಾಸೂಸ್' ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಇಬ್ನ್-ಎ-ಸಫಿಯವರ 'ಜಾಸೂಸಿ ದುನಿಯಾ' 1952ರಲ್ಲಿ ಅಲಹಾಬಾದಿನಿಂದ ಹೊರಟಿತು. ಮರಾಠಿಯಲ್ಲಿ ನಾರಾಯಣ ಧಾರಪ ಮತ್ತು ರತ್ನಾಕರ ಮತಕರಿಯವರು ಭಯಾನಕ ಹಾಗೂ ಗೂಢ ಕಥೆಗಳಿಗೆ ಗೌರವದ ಓದುಗವರ್ಗವನ್ನು ಕಟ್ಟಿಕೊಟ್ಟರು. ಪುಣೆ, ಮುಂಬಯಿಗಳ ಕನ್ನಡಿಗ ಸಂಶೋಧಕರು ಇವರನ್ನು ಕನ್ನಡದ ಬರಹದೊಡನೆ ಇಟ್ಟು ನೋಡಿದರೆ ತೌಲನಿಕ ಅಧ್ಯಯನಕ್ಕೆ ಒಳ್ಳೆಯ ಕ್ಷೇತ್ರ ದೊರೆಯುತ್ತದೆ.

ಕನ್ನಡದಲ್ಲಿ ಈ ಪ್ರಕಾರವನ್ನು ಮನೆಮನೆಗೆ ಮುಟ್ಟಿಸಿದವರು ಎನ್. ನರಸಿಂಹಯ್ಯನವರು. ಪತ್ತೇದಾರ ಪುರುಷೋತ್ತಮನ ಸೃಷ್ಟಿಕರ್ತರು. ಐನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದವರು. ಶಾಲೆಯಲ್ಲಿ ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. 2011ರಲ್ಲಿ ಅವರು ತೀರಿಕೊಂಡರು. ಬರೆಯುವುದನ್ನು ಕಲಿಸುವ ಯಾವ ಪಾಠಶಾಲೆಯೂ ಇಲ್ಲದೆ ಇಷ್ಟು ಬರೆದವರನ್ನು ಕುರಿತು 'ಅವರು ಹೇಗೆ ಕಲಿತರು' ಎಂಬ ಪ್ರಶ್ನೆಯನ್ನು ನಾವು ಕೇಳಬೇಕಾಗಿತ್ತು. ಕೇಳುವ ಬದಲು 'ಅದು ಸಾಹಿತ್ಯವೇ' ಎಂದು ಕೇಳಿ ಸುಮ್ಮನಾದೆವು. ಬಾಡಿಗೆ ಪುಸ್ತಕಾಲಯಗಳಲ್ಲಿ ಕೈಯಿಂದ ಕೈಗೆ ದಾಟಿ ಹರಿದುಹೋದ ಆ ಪುಟ್ಟ ಪುಸ್ತಕಗಳನ್ನು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕೊಂಡಿಡಲಿಲ್ಲ. ಹೊರನಾಡಿನ ಕನ್ನಡ ಸಂಘಗಳ ಕಪಾಟುಗಳ ಕೆಳಗಿನ ಹಲಗೆಯಲ್ಲಿ, ರಕ್ಷಾಪುಟ ಕಳೆದುಕೊಂಡ ಕೆಲವು ಪ್ರತಿಗಳನ್ನು ನಾವೇ ಕಂಡಿದ್ದೇವೆ. ಅವುಗಳ ಪಟ್ಟಿಯನ್ನಾದರೂ ಸಿದ್ಧಪಡಿಸುವುದು ಹೊರನಾಡಿನ ಸಂಶೋಧಕರು ತುರ್ತಾಗಿ ಕೈಗೊಳ್ಳಬೇಕಾದ ಕೆಲಸ.

ಈ ಬರಹದ ಗುಣ ಅದರ ವೇಗ. ಮಿತಿಯೆಂದರೆ ಅದು ರಹಸ್ಯವನ್ನೇ ಭಯವೆಂದು ತಿಳಿದದ್ದು. ಇಲ್ಲಿ ಚಲನಚಿತ್ರ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಫ್ರಾನ್ಸಿನ ತ್ರೂಫೊ ಎಂಬ ನಿರ್ದೇಶಕನೊಡನೆ ಮಾತನಾಡುವಾಗ ಕೊಟ್ಟ ದೃಷ್ಟಾಂತ ನೆನಪಾಗುತ್ತದೆ. ಅವರಿಬ್ಬರ ಸಂವಾದ 1966ರಲ್ಲಿ ಪುಸ್ತಕವಾಗಿ ಬಂತು. ಮೇಜಿನ ಸುತ್ತ ಕುಳಿತವರು ಏನೋ ಮಾತನಾಡುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬು ಸಿಡಿಯುತ್ತದೆ. ನೋಡುವವನಿಗೆ ಕೆಲವು ಕ್ಷಣಗಳ ಬೆರಗು. ಅದೇ ಬಾಂಬನ್ನು ಮೇಜಿನ ಕೆಳಗೆ ಇಟ್ಟದ್ದನ್ನು ನೋಡುವವನಿಗೆ ಮೊದಲೇ ತೋರಿಸಿದರೆ, ಅವರ ಸಪ್ಪೆ ಮಾತುಕತೆಯ ಒಂದೊಂದು ಕ್ಷಣವೂ ಅವನಿಗೆ ಯಾತನೆಯಾಗುತ್ತದೆ. ಮೊದಲನೆಯದು ಆಶ್ಚರ್ಯ, ಎರಡನೆಯದು ಉತ್ಕಂಠೆ. ನಮ್ಮ ವಿದ್ಯಾರ್ಥಿಯ ಕಥೆ ಮೊದಲನೆಯ ಬಗೆಯದು.

ಈ ದೃಷ್ಟಾಂತವನ್ನು ಓದಿದಾಗ ನಮಗೆ ಹೊಸದೇನನ್ನೋ ಕಂಡಂತಾಗಲಿಲ್ಲ. ಹಳೆಯ ಪರಿಚಯದವರು ಬೇರೆ ಉಡುಪಿನಲ್ಲಿ ಎದುರಾದಂತಾಯಿತು.

3

ಸುಮಾರು ಹತ್ತನೆಯ ಶತಮಾನದ 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕಥೆಯೂ ಒಂದು. ಅದನ್ನು ನಾವು ವೈರಾಗ್ಯದ ಕಥೆಯೆಂದೇ ಪಾಠ ಹೇಳುತ್ತ ಬಂದಿದ್ದೇವೆ, ಅದು ತಪ್ಪಲ್ಲ. ಆದರೆ ವೈರಾಗ್ಯಕ್ಕೆ ಬರುವ ಮುನ್ನ ಅದು ಕನ್ನಡದ ಮೊದಲ ಕಳ್ಳ-ತಳಾರರ ಕಥೆ.

ಮಿಥಿಲೆಯಲ್ಲಿ ಒಬ್ಬ ಕಳ್ಳನಿದ್ದಾನೆ. ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿ ಹಾಳು ದೇಗುಲದಲ್ಲಿ ಬಿದ್ದಿರುತ್ತಾನೆ. ಇರುಳಾದರೆ ಚೆಲುವನಾಗಿ ಸುಖಪಡುತ್ತಾನೆ. ಅರಸ ವಾಮರಥನ ಹಾರವನ್ನು ಕದಿಯುತ್ತಾನೆ. ತಳಾರ ಯಮದಂಡನಿಗೆ ಅರಸ ಏಳು ದಿನಗಳ ಗಡುವು ಕೊಡುತ್ತಾನೆ. ಅಷ್ಟರಲ್ಲಿ ಕಳ್ಳನನ್ನು ತರದಿದ್ದರೆ ಕಳ್ಳನಿಗೆ ಆಗುವ ಶಿಕ್ಷೆ ಅವನಿಗೇ. ಇಂದಿನ ಕಥೆಗಾರನಾದರೆ ಏನು ಮಾಡುತ್ತಿದ್ದ? ರೋಗಿಯನ್ನು ಕಥೆಯ ಮೂಲೆಯಲ್ಲಿ ಕೂರಿಸಿ, ಏಳನೆಯ ದಿನ ಅವನ ವೇಷವನ್ನು ಕಳಚಿ ನಮ್ಮನ್ನು ಬೆರಗುಗೊಳಿಸುತ್ತಿದ್ದ. ವಡ್ಡಾರಾಧನಾಕಾರ ಹಾಗೆ ಮಾಡುವುದಿಲ್ಲ. ರೋಗಿಯೇ ಕಳ್ಳನೆಂದು ನಮಗೆ ಹೇಳಿಬಿಡುತ್ತಾನೆ. ಗೊತ್ತಿಲ್ಲದವನು ಯಮದಂಡ. ಆದ್ದರಿಂದ ದಿನಗಳು ಒಂದೊಂದಾಗಿ ಸವೆಯುವಾಗ ಆತಂಕ ಹುಟ್ಟುವುದು ನಮ್ಮಲ್ಲಿ. ಮೇಜಿನ ಕೆಳಗೆ ಏನಿದೆಯೆಂದು ಬಲ್ಲವರು ನಾವು.

ಇಷ್ಟೇ ಆಗಿದ್ದರೆ ಅದನ್ನು ಸರಳ ಕೌಶಲವೆನ್ನಬಹುದಿತ್ತು. ಕಥೆಗಾರ ಇನ್ನೊಂದನ್ನು ಮುಚ್ಚಿಟ್ಟಿದ್ದಾನೆ. ಯಮದಂಡ ಆ ರೋಗಿಯನ್ನು ಹಿಡಿದು ತರುತ್ತಾನೆ, ಮೂವತ್ತೆರಡು ಬಗೆಯ ದಂಡನೆಗಳಾಗುತ್ತವೆ, ಅವನು ಒಪ್ಪಿಕೊಳ್ಳುವುದಿಲ್ಲ. ಕಡೆಗೆ ಅರಸನಿಂದ ಅಭಯ ದೊರೆತ ಮೇಲೆ ತಾನೇ ಕಳ್ಳನೆಂದು ಹೇಳುತ್ತಾನೆ. ಆಗ ಹೊರಬರುವ ರಹಸ್ಯ, ಕಳ್ಳ ಯಾರೆಂಬುದಲ್ಲ, ಏಕೆ ಕದ್ದನೆಂಬುದು. ಅವನು ರಾಜಪುತ್ರ. ಅವನೂ ಯಮದಂಡನೂ ಬಾಲ್ಯದ ಗೆಳೆಯರು, ಒಂದೇ ಗುರುವಿನ ಬಳಿ ಓದಿದವರು. ಒಬ್ಬ ತಳಾರರ ಶಾಸ್ತ್ರವನ್ನು ಕಲಿತ, ಇನ್ನೊಬ್ಬ ಕಳ್ಳರ ಶಾಸ್ತ್ರವನ್ನು ಕಲಿತ. 'ನೀನು ಕಾಯುವ ಊರಿನಲ್ಲಿಯೇ ಕದಿಯುತ್ತೇನೆ' ಎಂಬುದು ಹುಡುಗುತನದ ಪಂತ. ಮಿಥಿಲೆಯ ಕಳವು ಆ ಪಂತದ ನೆರವೇರಿಕೆ. ಇದನ್ನು ತಿಳಿದ ಮೇಲೆ ಹಿಂದಿರುಗಿ ನೋಡಿದರೆ ಆ ದಂಡನೆಗಳ ಅರ್ಥವೇ ಬದಲಾಗುತ್ತದೆ: ಗೆಳೆಯನೇ ಗೆಳೆಯನನ್ನು ಹಿಂಸಿಸುತ್ತಿದ್ದ, ಹಿಂಸೆಗೆ ಗುರಿಯಾದವನಿಗೆ ಅದು ಗೊತ್ತಿತ್ತು.

'ಯಾರು' ಎಂಬುದನ್ನು ಬಿಟ್ಟುಕೊಟ್ಟು 'ಏಕೆ' ಎಂಬುದನ್ನು ಉಳಿಸಿಕೊಳ್ಳುವ ಈ ತಂತ್ರವನ್ನು ಕಲಿಯಲು ನಮ್ಮ ಹೊಸ ಬರಹಗಾರ ಬೇರೆ ಭಾಷೆಯ ಕೈಪಿಡಿಗಳನ್ನು ಹುಡುಕಬೇಕಾಗಿಲ್ಲ. ಕಳವನ್ನೂ ಪತ್ತೆಯನ್ನೂ ಎರಡು ಶಾಸ್ತ್ರಗಳೆಂದು, ಎರಡನ್ನೂ ಒಬ್ಬನೇ ಗುರು ಕಲಿಸಬಲ್ಲನೆಂದು ಈ ಕಥೆ ನಗುಮೊಗದಲ್ಲಿ ಹೇಳುತ್ತದೆ. ಕಥೆಗಾರನೂ ಅಂಥದೇ ಗುರು. ಎರಡೂ ಕಡೆಯ ವಿದ್ಯೆ ಅವನಿಗೆ ಬೇಕು.

4

ವಡ್ಡಾರಾಧನೆಯಲ್ಲಿ ಆತಂಕವಿದೆ, ಭಯಾನಕವಿಲ್ಲ. ಭಯಾನಕಕ್ಕೆ ನಾವು ಜನ್ನನ ಬಳಿ ಹೋಗಬೇಕು. ಹೋಗುವ ಮುನ್ನ ಭರತನ ಒಂದು ವಿಭಾಗಕ್ರಮವನ್ನು ನೆನೆಯುವುದು ಉಪಯುಕ್ತ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕ ಮೂರು ಬಗೆಯೆಂದಿದೆ: ವ್ಯಾಜದಿಂದ ಹುಟ್ಟಿದ್ದು, ಅಪರಾಧದಿಂದ ಹುಟ್ಟಿದ್ದು, ವಿತ್ರಾಸಿತಕ ಎಂದರೆ ಹೆದರಿಸುವುದರಿಂದ ಹುಟ್ಟಿದ್ದು. ಬೀಭತ್ಸದ ದರ್ಶನದಿಂದ ಭಯಾನಕ ಹುಟ್ಟುತ್ತದೆಂಬ ಮಾತೂ ಅಲ್ಲಿದೆ. ಇವು ರಂಗಪ್ರಯೋಗಕ್ಕೆ ಸಂಬಂಧಿಸಿದ ಮಾತುಗಳು. ಕಥನಕ್ಕೆ ಅನ್ವಯಿಸುವ ಸ್ವಾತಂತ್ರ್ಯ ನಮ್ಮದು. ಕತ್ತಲು, ಭೂತ, ಹೆಣ ಇವೆಲ್ಲ ವಿತ್ರಾಸಿತಕಕ್ಕೆ ಸೇರುತ್ತವೆ. ಹೊರಗಿನಿಂದ ಬಂದು ಹೆದರಿಸುವಂಥವು. ಸೋಗಿನ ಸುಳಿವುಗಳು, ಸುಳ್ಳು ಆತಂಕಗಳು ವ್ಯಾಜಕ್ಕೆ. ಆಧುನಿಕ ಪತ್ತೇದಾರಿ ಬರಹ ಈ ಎರಡನ್ನೂ ಚೆನ್ನಾಗಿ ಬಳಸಿಕೊಂಡಿದೆ. ನಡುವಿನದನ್ನು, ಅಪರಾಧ ಮಾಡಿದವನ ಒಳಗಿನಿಂದಲೇ ಏಳುವ ಭಯವನ್ನು, ಅದು ಅಷ್ಟಾಗಿ ಮುಟ್ಟಿಲ್ಲ. ಅಪರಾಧದ ಕಥೆಯೆಂದೇ ಹೆಸರು ಹೊತ್ತ ಪ್ರಕಾರ ಅಪರಾಧದ ಭಯವನ್ನೇ ಬಿಟ್ಟುಬಿಟ್ಟದ್ದು ವಿಚಿತ್ರ.

ಜನ್ನನ 'ಯಶೋಧರ ಚರಿತೆ' ರಚಿತವಾದದ್ದು 1209ರಲ್ಲಿ. ವಸ್ತು ಅವನದಲ್ಲ, ಸೋಮದೇವ 959ರಲ್ಲಿ 'ಯಶಸ್ತಿಲಕ'ದಲ್ಲಿ ಅದನ್ನು ವಿಸ್ತಾರವಾಗಿ ಹೇಳಿದ್ದ, ವಾದಿರಾಜ ಸಂಸ್ಕೃತದಲ್ಲಿ ಸಂಕ್ಷೇಪವಾಗಿ ಹೇಳಿದ್ದ. ಜನ್ನ ವಾದಿರಾಜನ ಹಾದಿಯನ್ನು ಹಿಡಿದು ನಾಲ್ಕು ಅವತಾರಗಳಲ್ಲಿ ಕಥೆಯನ್ನು ಮುಗಿಸಿದ. ಕಂದಪದ್ಯದ ಚಿಕ್ಕ ಅಂಗಳ ಅವನಿಗೆ ಒದಗಿಬಂತು. ಭಯದ ಕಥನಕ್ಕೆ ಮಾತು ಹೆಚ್ಚಾಗಬಾರದೆಂಬುದನ್ನು ಅವನು ಬಲ್ಲ.

ಕಾವ್ಯದ ಆರಂಭದಲ್ಲಿಯೇ ಚಂಡಮಾರಿಯ ಜಾತ್ರೆ. ಜನ್ನ ಅಲ್ಲಿ ವಸಂತಋತುವನ್ನು ವರ್ಣಿಸುವ ರೀತಿಯನ್ನು ನಮ್ಮ ವಿದ್ಯಾರ್ಥಿಗೆ ವಿಶೇಷವಾಗಿ ತೋರಿಸಿದೆವು. ಋತುವರ್ಣನೆ ಕಾವ್ಯದ ಕಟ್ಟಳೆ. ಬೇರೆ ಕವಿಗಳಲ್ಲಿ ಅದು ವಿರಾಮ. ಇಲ್ಲಿ ವಸಂತನೇ ಶಿಶಿರನನ್ನು ಹಿಡಿದು ತಂದು ಮಾರಿಗೆ ಹರಕೆ ಒಪ್ಪಿಸುವವನಾಗುತ್ತಾನೆ. ಚಿಗುರು, ಹೂವು, ಮಾವು ಎಲ್ಲವೂ ಬಲಿಯ ಬಣ್ಣವನ್ನು ಪಡೆಯುತ್ತವೆ. ಇನ್ನೂ ಯಾರನ್ನೂ ಕೊಂದಿಲ್ಲ. ಆದರೆ ಓದುಗನ ಕಣ್ಣಿಗೆ ನೆತ್ತರು ಮೆತ್ತಿಕೊಂಡಾಗಿದೆ. ಕಾಲದೇಶಗಳ ವರ್ಣನೆಯನ್ನೇ ಭಯದ ಸಿದ್ಧತೆಯಾಗಿ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಕನ್ನಡದಲ್ಲಿ ನಮಗೆ ತಿಳಿದಿಲ್ಲ.

ಅಲ್ಲಿಗೆ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಬಲಿಗೆಂದು ಹಿಡಿದು ತರುತ್ತಾರೆ. ಮಾರಿದತ್ತ ಕತ್ತಿ ಹಿಡಿದು ನಿಂತಿದ್ದಾನೆ. ಹುಡುಗರ ಮುಖದಲ್ಲಿ ಅಂಜಿಕೆಯಿಲ್ಲ, ಹೆಸರೇ ಅಭಯ. ಅರಸನಿಗೆ ಸೋಜಿಗವಾಗಿ ನೀವು ಯಾರೆಂದು ಕೇಳುತ್ತಾನೆ. ಅಭಯರುಚಿ ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಆರಂಭಿಸುತ್ತಾನೆ. ಎಂದರೆ ಮೊದಲ ಅವತಾರದಲ್ಲಿ ಎತ್ತಿದ ಕತ್ತಿ ಕಾವ್ಯದ ಕೊನೆಯವರೆಗೆ ಎತ್ತಿಯೇ ಇರುತ್ತದೆ. ಒಳಗಿನ ಕಥೆಯ ಪ್ರತಿಯೊಂದು ಪದ್ಯವನ್ನೂ ನಾವು ಆ ಕತ್ತಿಯ ಕೆಳಗೆ ನಿಂತು ಓದುತ್ತೇವೆ. ಕಥೆ ನಿಂತರೆ ಕತ್ತಿ ಬೀಳಬಹುದು. ಉತ್ಕಂಠೆಯ ಕಥನಕ್ಕೆ ಚೌಕಟ್ಟು ಎಷ್ಟು ಮುಖ್ಯವೆಂಬುದನ್ನು ಇದು ಕಲಿಸುತ್ತದೆ.

ಒಳಗಿನ ಕಥೆ ಪ್ರಸಿದ್ಧ. ಉಜ್ಜಯಿನಿಯ ಅರಸ ಯಶೋಧರ, ರಾಣಿ ಅಮೃತಮತಿ, ಇರುಳಿನಲ್ಲಿ ಕೇಳಿಬಂದ ಹಾಡಿಗೆ ಮನಸೋತು ಅವಳು ಅಷ್ಟಾವಂಕನೆಂಬ ಮಾವಟಿಗನ ಬಳಿಗೆ ಹೋಗುತ್ತಾಳೆ. ಒಂದು ರಾತ್ರಿ ಅರಸ ಅವಳನ್ನು ಹಿಂಬಾಲಿಸುತ್ತಾನೆ. ಕತ್ತಲಲ್ಲಿ ಕತ್ತಿ ಎತ್ತುತ್ತಾನೆ, ತಡೆದುಕೊಳ್ಳುತ್ತಾನೆ. ಸಾಮಾನ್ಯ ಕಥೆಗಾರ ಈ ಜಾಗದಲ್ಲಿ ಕೊಲೆ ಮಾಡಿಸಿ ಮುಗಿಸುತ್ತಿದ್ದ. ಜನ್ನ ನಾವು ಎದುರುನೋಡುವ ಕೊಲೆಯನ್ನು ತಪ್ಪಿಸುತ್ತಾನೆ, ಕೊಲೆಯೆಂದು ಯಾರೂ ಭಾವಿಸದ ಒಂದು ಕ್ರಿಯೆಯಲ್ಲಿ ಅದನ್ನು ಮರಳಿ ತರುತ್ತಾನೆ. ಯಶೋಧರ ತಾಯಿ ಚಂದ್ರಮತಿಗೆ ನಿಜವನ್ನು ಹೇಳಲಾರದೆ ಕೆಟ್ಟ ಕನಸಿನ ನೆವ ಹೂಡುತ್ತಾನೆ. ಭರತನ ವ್ಯಾಜ ಇದು. ತಾಯಿ ಕನಸಿನ ಶಾಂತಿಗೆ ಪ್ರಾಣಿಬಲಿ ಬೇಕೆನ್ನುತ್ತಾಳೆ, ಮಗ ಒಲ್ಲೆನೆನ್ನುತ್ತಾನೆ, ಕಡೆಗೆ ಹಿಟ್ಟಿನ ಕೋಳಿಯನ್ನು ಕೊಡುವುದೆಂದು ರಾಜಿಯಾಗುತ್ತದೆ. ಅರಸ ಅದನ್ನು ಕತ್ತರಿಸುತ್ತಾನೆ. ಕೋಳಿ ಕೂಗುತ್ತದೆ.

ನಾವು ಈ ಪ್ರಸಂಗವನ್ನು ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇವೆ. ಕೂಗು ಬರುತ್ತದೆಂದು ಗೊತ್ತಿದ್ದೂ ಪ್ರತಿ ಬಾರಿಯೂ ಬೆನ್ನು ತಣ್ಣಗಾಗುತ್ತದೆ. ಬರುತ್ತದೆಂದು ಗೊತ್ತಿದ್ದೂ ಹೆದರಿಸುವುದೇ ನಿಜವಾದ ಭಯಾನಕ. ಎರಡನೆಯ ಓದಿಗೆ ಸತ್ತುಹೋಗುವುದು ಬರಿಯ ಬೆರಗು. ಇಲ್ಲಿ ನಡೆದ ಹಿಂಸೆಗೆ ದೇಹವಿಲ್ಲ, ಸಂಕಲ್ಪ ಮಾತ್ರ ಇದೆ. 'ನಾನು ಯಾರನ್ನೂ ಕೊಲ್ಲಲಿಲ್ಲ' ಎಂದು ಹೇಳಿಕೊಳ್ಳಲು ಅರಸನಿಗೆ ಒಂದು ದಾರಿ ಉಳಿದಿತ್ತು. ಆ ಕೂಗು ಅದನ್ನು ಮುಚ್ಚಿಬಿಟ್ಟಿತು. ಅಪರಾಧದಿಂದ ಹುಟ್ಟಿದ ಭಯವೆಂದು ಭರತ ಹೇಳಿದ್ದಕ್ಕೆ ಕನ್ನಡದಲ್ಲಿ ಇದೇ ಶ್ರೇಷ್ಠ ಉದಾಹರಣೆಯೆಂದು ನಾವು ಭಾವಿಸುತ್ತೇವೆ. ಕೂಗಿಗೆ ಜನ್ನ ಕೊಡುವ ಕಾರಣವೂ ಸ್ವಾರಸ್ಯವಾಗಿದೆ: ಹಿಟ್ಟಿನ ಕೋಳಿ ಅಷ್ಟು ಚೆಲುವಾಗಿ ಮೂಡಿತ್ತು, ಆ ಚೆಲುವಿಗೆ ಮೆಚ್ಚಿ ಬೆಂತರವೊಂದು ಅದರಲ್ಲಿ ಹೊಕ್ಕಿತ್ತು. ಕೋಳಿಯನ್ನು ಮಾಡಿದ ಅನಾಮಿಕ ಕುಶಲಿಗೆ ತನ್ನ ಕೆಲಸ ಇಲ್ಲಿಗೆ ಮುಟ್ಟಿತೆಂದು ತಿಳಿದಿರಲಾರದು.

ಮುಂದೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತಾಯಿಮಕ್ಕಳು ನವಿಲು, ನಾಯಿ ಮೊದಲಾದ ಜನ್ಮಗಳನ್ನೆತ್ತಿ ಸಾಯುತ್ತಾ ಹೋಗುತ್ತಾರೆ. ಈ ಭಾಗವನ್ನು ಕರ್ಮಸಿದ್ಧಾಂತದ ಪಟ್ಟಿಯೆಂದು ನಾವು ಅವಸರದಲ್ಲಿ ದಾಟುವುದುಂಟು. ಕಥನದ ದೃಷ್ಟಿಯಿಂದ ಅದು ಹಾಗಲ್ಲ. ತಂದೆಯ ಶ್ರಾದ್ಧಕ್ಕೆಂದು ಮಗ ಯಶೋಮತಿ ಕೊಲ್ಲಿಸುವ ಪ್ರಾಣಿಯೇ ತಂದೆ. ನಮಗೆ ಗೊತ್ತು, ಸಾಯುವ ಪ್ರಾಣಿಗೆ ಗೊತ್ತು, ಭಕ್ತಿಯಿಂದ ಬಡಿಸುವ ಮಗನಿಗೆ ಗೊತ್ತಿಲ್ಲ. ಹಿಚ್‌ಕಾಕನ ಮೇಜಿನ ಕೆಳಗಿನ ಬಾಂಬು ಇದರ ಮುಂದೆ ಮಕ್ಕಳ ಪಟಾಕಿ.

5

ಆಧುನಿಕ ಕನ್ನಡದಲ್ಲಿ ಈ ಎಳೆ ಪೂರ್ತಿ ಕಡಿದುಹೋಗಿದೆಯೆಂದು ಹೇಳಲಾಗದು. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ಯಶೋಧರನ ಕಥೆಯನ್ನು ಮತ್ತೆ ಎತ್ತಿಕೊಂಡರು. ಆದರೆ ಪತ್ತೇದಾರಿ ಅಚ್ಚನ್ನೇ ಕೈಗೆತ್ತಿಕೊಂಡು ಅದನ್ನು ಒಳಗಿನಿಂದ ಮುರಿದವರು ಪೂರ್ಣಚಂದ್ರ ತೇಜಸ್ವಿಯವರು. 1985ರ 'ಚಿದಂಬರ ರಹಸ್ಯ'ದಲ್ಲಿ ವಿಜ್ಞಾನಿ ಜೋಗಿಹಾಳರ ಸಾವಿದೆಯೋ ಜೋಗಳೇಕರರ ಸಾವಿದೆಯೋ ಎಂದು ಪರೀಕ್ಷೆಯಲ್ಲಿ ಗೊಂದಲಪಡುವ ವಿದ್ಯಾರ್ಥಿಗಳನ್ನು ಕಂಡಿದ್ದೇವೆ, ಹೆಸರು ಜೋಗಿಹಾಳ್. ಆ ಸಾವಿನ, ಏಲಕ್ಕಿಯ ಅವನತಿಯ ತನಿಖೆಗೆಂದು ಕೆಸರೂರಿಗೆ ಬರುವ ಅಂಗಡಿ, ಸುಳಿವುಗಳು, ಶಂಕಿತರು, ಎಲ್ಲವೂ ಅಲ್ಲಿವೆ. ತನಿಖೆ ಮಾತ್ರ ಗುರಿ ಮುಟ್ಟುವುದಿಲ್ಲ. ಬೆಂಕಿ ಊರನ್ನು ಮುಟ್ಟುತ್ತದೆ. ಒಬ್ಬ ಅಪರಾಧಿಯನ್ನು ಹುಡುಕಲು ಹೊರಟ ಕಥೆ, ಅಪರಾಧ ಇಡೀ ಊರಿನಲ್ಲಿ ಹರಡಿರುವುದನ್ನು ಕಾಣಿಸುತ್ತದೆ. 1987ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗಲಾದರೂ ಪತ್ತೇದಾರಿ ಕಥನದ ಬಗೆಗೆ ನಮ್ಮ ತಿರಸ್ಕಾರ ಸಡಿಲವಾಗಬೇಕಿತ್ತು. ಆಗಲಿಲ್ಲ, ಅದನ್ನು ನಾವು ಪತ್ತೇದಾರಿಯೆಂದು ಕರೆಯದೆ ಪಾರಾದೆವು.

ಹೈದರಾಬಾದಿನ ಓದುಗರಿಗೆ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಚಿರಪರಿಚಿತ. ಅದು ಕನ್ನಡಕ್ಕೂ ಬಂದು, 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಮಾಟ ಮತ್ತು ವಿಜ್ಞಾನ ಎಂಬ ಎರಡು ವಿವರಣೆಗಳನ್ನು ಒಟ್ಟಿಗೆ ನಡೆಸಿಕೊಂಡು ಹೋಗುವ ಅದರ ತಂತ್ರ ಅಭ್ಯಾಸಯೋಗ್ಯ. ಮಗುವೊಂದನ್ನು ಅಪಾಯಕ್ಕೊಡ್ಡಿ ಭಯ ಹುಟ್ಟಿಸುವುದು ಸುಲಭದ ದಾರಿಯೆಂಬ ನಮ್ಮ ಆಕ್ಷೇಪ ಹಾಗೆಯೇ ಇದೆ.

6

ಈವರೆಗೆ ಹೇಳಿದ್ದನ್ನೆಲ್ಲ ಆ ವಿದ್ಯಾರ್ಥಿಯೊಡನೆ ಚರ್ಚಿಸಿದೆವು. ಅವರು ಕಥೆಯನ್ನು ತಿದ್ದಿ ತಂದರು. ಈಗ ಕೊಲೆಗಾರ ಭಾವನೆಂಬುದು ಎರಡನೆಯ ಪುಟದಲ್ಲಿಯೇ ತಿಳಿಯುತ್ತದೆ. ಸತ್ತವಳ ತಂಗಿ ಅದನ್ನರಿಯದೆ ಅವನಿಗೆ ದಿನವೂ ಊಟ ಬಡಿಸುತ್ತಾಳೆ. ಕಥೆ ಎದ್ದು ನಿಂತಿತ್ತು. ವಿಚಾರಗೋಷ್ಠಿಯಲ್ಲಿ ಅದನ್ನು ಓದಿಸಿದೆವು. ಎಲ್ಲರೂ ಮೆಚ್ಚಿದ ಮೇಲೆ ಮತ್ತೊಬ್ಬ ವಿದ್ಯಾರ್ಥಿನಿ ಕೇಳಿದರು: "ಆ ಕಾವಲುಗಾರನ ಮುಖ ಸುಟ್ಟಿರುವುದೇಕೆ?"

ಉತ್ತರ ಯಾರಲ್ಲಿಯೂ ಇರಲಿಲ್ಲ. ಅವನು ಏನೂ ಮಾಡುವುದಿಲ್ಲ. ಕಥೆಯಲ್ಲಿ ಅವನ ಕೆಲಸ ಹೆದರಿಸುವುದಷ್ಟೇ. ಎರಡು ಕರಡುಗಳನ್ನು ಗೆರೆಗೆರೆಯಾಗಿ ಓದಿದ ನಮಗೂ ಅದು ಕಾಣಿಸಿರಲಿಲ್ಲ. ಏಕೆ ಕಾಣಿಸಲಿಲ್ಲವೆಂಬುದು ಮನೆಗೆ ಬಂದು ನಮ್ಮ ಪಿಎಚ್.ಡಿ. ಮಹಾಪ್ರಬಂಧವನ್ನು ತೆರೆದಾಗ ತಿಳಿಯಿತು. ಅಲ್ಲಿ ಅಷ್ಟಾವಂಕನ ಅಂಗಾಂಗಗಳ ವರ್ಣನೆಯನ್ನು ನಾವು ಬೀಭತ್ಸದ ಉತ್ತಮ ನಿದರ್ಶನವೆಂದು ಎರಡು ಪುಟ ಹೊಗಳಿದ್ದೇವೆ. ಅಂಗವಿಕಲನೂ ಕೆಳಗಿನ ವೃತ್ತಿಯವನೂ ಆದ ಒಬ್ಬನ ದೇಹ ಹೇಸಿಗೆಯ, ಭಯದ ಸಾಮಗ್ರಿ ಆಗಬೇಕೇಕೆ ಎಂದು ಒಂದು ಸಾಲೂ ಕೇಳಿಲ್ಲ. ಭಯವೆಂಬ ಭಾವ ಸ್ತ್ರೀಯರಲ್ಲಿ, ನೀಚಪ್ರಕೃತಿಯವರಲ್ಲಿ ಇರುವಂಥದೆಂದು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಹೆದರುವವರು ಅವರು, ಹೆದರಿಸುವವರೂ ಅವರೇ ಎಂಬ ಏರ್ಪಾಡು ಶಾಸ್ತ್ರದಿಂದ ಕಾವ್ಯಕ್ಕೆ, ಕಾವ್ಯದಿಂದ ಪತ್ತೇದಾರಿ ಪುಸ್ತಕದ ಗೂನುಬೆನ್ನಿನ ಬೈರಾಗಿಗೆ, ಅಲ್ಲಿಂದ ಮುಂಬಯಿಯ ಕಾವಲುಗಾರನಿಗೆ ಸದ್ದಿಲ್ಲದೆ ಹರಿದುಬಂದಿದೆ. ತಂತ್ರವನ್ನು ಕಲಿಯುವವನು ಇದನ್ನೂ ಕೂಡಿಯೇ ಕಲಿಯುತ್ತಾನೆ.

ಜನ್ನನನ್ನು ಮಾತ್ರ ಇಷ್ಟಕ್ಕೇ ಬಿಡುವುದು ನ್ಯಾಯವಲ್ಲ. ಅಷ್ಟಾವಂಕನನ್ನು ನಾವು ನೋಡುವುದು ರಾಣಿ ಕಳುಹಿಸಿದ ದೂತಿಯ ಕಣ್ಣಿನಿಂದ. ಅವಳು ಹೇಸಿ ಹಿಂದಿರುಗಿ ವರದಿ ಮಾಡಿದಾಗ ಅಮೃತಮತಿ ಒಪ್ಪುವುದಿಲ್ಲ. ಕಸ್ತೂರಿಯ ಕಪ್ಪು, ಶ್ರೀಗಂಧದ ಗಂಟು, ಕಾಮನ ಬಿಲ್ಲಿನ ಬಾಗು ಇವುಗಳ ಹೋಲಿಕೆ ತಂದು ರೂಪದ ನಿಂದೆಯನ್ನು ತಳ್ಳಿಹಾಕುತ್ತಾಳೆ. ಕಾವ್ಯದ ತೀರ್ಪು ಅವಳ ವಿರುದ್ಧವೇ ಇದೆ; ಆದರೂ ಅವಳ ವಾದವನ್ನು ಕವಿ ಅಳಿಸಿಲ್ಲ, ಅದಕ್ಕೆ ತನ್ನ ಒಳ್ಳೆಯ ಪದ್ಯವನ್ನೇ ಕೊಟ್ಟಿದ್ದಾನೆ. ಮೇಲಾಗಿ ಆ ಕಾವ್ಯದಲ್ಲಿ ನಿಜವಾಗಿ ಹೆದರುವವನು ಕತ್ತಿ ಹಿಡಿದ ಅರಸ. ಶಾಸ್ತ್ರ ಕೆಳಗಿನವರಿಗೆ ಹಂಚಿದ್ದ ಭಯವನ್ನು ಜನ್ನ ಸಿಂಹಾಸನಕ್ಕೆ ಏರಿಸಿದ. ಇದನ್ನು ನಾವು ಪ್ರಬಂಧದಲ್ಲಿ ಗುರುತಿಸಬೇಕಿತ್ತು.

ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸುಮಾರು ಹದಿನೈದು ವರ್ಷಗಳ ಹಿಂದೆ ವಿಶ್ವವಿದ್ಯಾಲಯವೊಂದರ ಸಮಿತಿಯ ಮುಂದೆ ಕನ್ನಡ ಪತ್ತೇದಾರಿ ಕಾದಂಬರಿಗಳ ಸಂಶೋಧನೆಯ ಪ್ರಸ್ತಾವನೆ ಬಂದಿತ್ತು. ಅಭ್ಯರ್ಥಿಯ ಬಳಿ ಮುನ್ನೂರಕ್ಕೂ ಹೆಚ್ಚು ಪುಸ್ತಕಗಳಿದ್ದವು, ತಂದೆ ನಡೆಸುತ್ತಿದ್ದ ಬಾಡಿಗೆ ಪುಸ್ತಕಾಲಯದವು. ವಸ್ತು ಸಂಶೋಧನೆಗೆ ಯೋಗ್ಯವಲ್ಲವೆಂದು ಸಮಿತಿ ತಿರಸ್ಕರಿಸಿತು. ಸಮಿತಿಯಲ್ಲಿ ನಾವೂ ಇದ್ದೆವು, ಕೈಯೆತ್ತಿದೆವು. ಈಚೆಗೆ ವಿಚಾರಿಸಿದಾಗ ಆ ಪುಸ್ತಕಗಳನ್ನು ರದ್ದಿಗೆ ಹಾಕಿದ್ದಾಗಿ ತಿಳಿಯಿತು.

ನಮ್ಮ ವಿದ್ಯಾರ್ಥಿಯ ಮೂರನೆಯ ಕರಡು ಈಗ ನಮ್ಮ ಮೇಜಿನ ಮೇಲಿದೆ. ಕಾವಲುಗಾರನ ಮುಖ ಸುಟ್ಟಿಲ್ಲ. ಅವನಿಗೊಂದು ಹೆಸರಿದೆ, ಟಾರ್ಚಿನ ಸೆಲ್ಲು ಮುಗಿಯುತ್ತ ಬಂದಿದೆ. ಕೊಲೆಯಾದ ರಾತ್ರಿ ಅವನು ಮೆಟ್ಟಿಲ ಮೇಲೆ ಏನನ್ನೋ ನೋಡಿದ್ದಾನೆ. ಹೇಳಿದರೆ ಕೆಲಸ ಹೋಗುತ್ತದೆಂದು ಸುಮ್ಮನಿದ್ದಾನೆ. ಭಾವ ಪ್ರತಿ ಸಂಜೆ ಅವನಿಗೆ ಚಹಾ ತಂದುಕೊಡುತ್ತಾನೆ. ಇಬ್ಬರಲ್ಲಿ ಯಾರು ಯಾರಿಗೆ ಅಂಜುತ್ತಿದ್ದಾರೆಂದು ಆರನೆಯ ಪುಟದವರೆಗೂ ನಮಗೆ ತಿಳಿಯಲಿಲ್ಲ.